ಜಾರ್ಜ್ ಬೂಲ್

ಉಡುಪಿಯಿಂದ ಕುಂದಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಸ್ವರ್ಣಾ ನದಿಯ ಸೇತುವೆಗೆ ಮೊದಲೇ ಸಂತೆಕಟ್ಟೆ ಎಂಬ ಊರು ಸಿಗುತ್ತದೆ. ಸಂತೆಯಿಂದಲೇ ಹೆಸರು ಪಡೆದ ಊರು ಅದು. ಹಿಂದೆ ಇಂತಹ ಸಂತೆಗಳಲ್ಲಿ ವ್ಯಾಪಾರಿಯ ಕೈಯಲ್ಲಿ ತಕ್ಕಡಿ ಇರುತ್ತಿತ್ತು. ಒಂದು ತಟ್ಟೆಯಲ್ಲಿ ತೂಕದ ಕಲ್ಲು, ಇನ್ನೊಂದರಲ್ಲಿ ತರಕಾರಿ. ನಡುವಿನ ಮುಳ್ಳು ನೆಟ್ಟಗೆ ನಿಂತರೆ ತೂಕ ಸರಿಯಾಯಿತೆಂದು ಅರ್ಥ. ಇಂದು ಆ ತಕ್ಕಡಿಯ ಸ್ಥಾನದಲ್ಲಿ ವಿದ್ಯುತ್ತಿನಿಂದ ನಡೆಯುವ ತೂಕದ ಯಂತ್ರ ಬಂದಿದೆ. ನಾಲ್ಕು ಮಟ್ಟುಗುಳ್ಳಗಳನ್ನು ಅದರ ಮೇಲಿಟ್ಟ ಕೂಡಲೇ ತೂಕವೂ ಬೆಲೆಯೂ ಹೊಳೆಯುವ ಅಂಕಿಗಳಲ್ಲಿ ಮೂಡುತ್ತವೆ. ಮುಳ್ಳಿಲ್ಲದ ಈ ತಕ್ಕಡಿಯೊಳಗೆ ಕುಳಿತು ಲೆಕ್ಕ ಮಾಡುವುದು ಯಾವುದು?

ಅದರೊಳಗಿರುವುದು ಬೆರಳ ತುದಿಯ ಮೇಲೆ ನಿಲ್ಲಬಲ್ಲಷ್ಟು ಚಿಕ್ಕದಾದ ಒಂದು ಚಿಪ್. ಮೈಕ್ರೋಕಂಟ್ರೋಲರ್ ಎಂದು ಅದಕ್ಕೆ ಹೆಸರು. ಬಟ್ಟೆ ಒಗೆಯುವ ಯಂತ್ರದಲ್ಲಿಯೂ ಪೆಟ್ರೋಲ್ ಪಂಪಿನಲ್ಲಿಯೂ ಇಂತಹುದೇ ಚಿಪ್‌ಗಳು ದುಡಿಯುತ್ತವೆ. ಕಾರ್ಖಾನೆಯಿಂದ ಹೊರಬಂದ ದಿನ ಆ ಚಿಪ್‌ಗೆ ತನ್ನ ಕೆಲಸ ಯಾವುದೆಂದು ತಿಳಿದಿರುವುದಿಲ್ಲ. ಅದನ್ನು ತಿಳಿಸುವುದಕ್ಕಾಗಿ ಅದರೊಳಗೆ ರಿಜಿಸ್ಟರುಗಳೆಂಬ ಸಾಲುಗಳಿವೆ. ತುಳುನಾಡಿನ ಚೆನ್ನೆಮಣೆಯಲ್ಲಿ ಒಂದು ಸಾಲಿಗೆ 7 ಗುಳಿಗಳಿರುವಂತೆ, ಸಣ್ಣ ಚಿಪ್‌ಗಳ ರಿಜಿಸ್ಟರಿನಲ್ಲಿ ಸಾಮಾನ್ಯವಾಗಿ 8 ಮನೆಗಳಿರುತ್ತವೆ. ಚೆನ್ನೆಯ ಗುಳಿಯಲ್ಲಿ ಎಷ್ಟು ಕಾಳುಗಳಾದರೂ ಇರಬಹುದು. ಆದರೆ ಈ ಮನೆಗಳಲ್ಲಿ ಇರಬಹುದಾದುದು ಎರಡೇ. ಒಂದೋ 0, ಇಲ್ಲವೇ 1. ಪ್ರತಿಯೊಂದು ಮನೆಯೂ ಒಂದು ಪ್ರಶ್ನೆ. 1 ಎಂದರೆ ಹೌದು, 0 ಎಂದರೆ ಅಲ್ಲ. ಯಾವ ಮನೆ ಯಾವ ಪ್ರಶ್ನೆಯನ್ನು ಕೇಳುತ್ತದೆ ಎಂಬುದನ್ನು ತಿಳಿಸಲು ಚಿಪ್‌ ತಯಾರಿಸಿದವರು ಡೇಟಾಶೀಟ್ ಎಂಬ ವಿವರಪತ್ರವನ್ನು ಪ್ರಕಟಿಸುತ್ತಾರೆ.

ಹೌದು ಮತ್ತು ಅಲ್ಲ ಎಂಬ ಎರಡು ಉತ್ತರಗಳಿಂದಲೇ ಒಂದು ಗಣಿತವನ್ನು ಕಟ್ಟಬಹುದೆಂದು ತೋರಿಸಿಕೊಟ್ಟವನು ಜಾರ್ಜ್ ಬೂಲ್. ಅವನು ಬದುಕಿದ್ದ ಕಾಲದಲ್ಲಿ ಮನೆಗಳಲ್ಲಿ ವಿದ್ಯುದ್ದೀಪವೂ ಇರಲಿಲ್ಲ. ಚಿಪ್ ಎಂಬುದನ್ನು ಅವನು ಕನಸಿನಲ್ಲಿಯೂ ಕಂಡವನಲ್ಲ. ಆದರೂ ಇಂದು ಇಂತಹ ಪ್ರತಿಯೊಂದು ಚಿಪ್ ಅವನು ಕಂಡ ನಿಯಮಗಳಂತೆಯೇ ನಡೆಯುತ್ತಿದೆ.

ಬೂಲ್ 1815ನೆಯ ಇಸವಿ ನವೆಂಬರ್ 2ರಂದು ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆ ಜಾನ್ ಬೂಲ್ ಪಾದರಕ್ಷೆಗಳನ್ನು ಹೊಲಿದು ಜೀವಿಸುತ್ತಿದ್ದವನು. ತಾಯಿ ಮೇರಿ ಆನ್ ಮದುವೆಗೆ ಮೊದಲು ಸಿರಿವಂತರ ಮನೆಯಲ್ಲಿ ಪರಿಚಾರಿಕೆಯಾಗಿದ್ದವಳು. ನಾಲ್ವರು ಮಕ್ಕಳಲ್ಲಿ ಜಾರ್ಜನೇ ಹಿರಿಯ. ತಂದೆಯ ಕೈ ಚರ್ಮದ ಮೇಲೆ ಆಡುತ್ತಿದ್ದರೂ ಮನಸ್ಸು ಆಕಾಶದ ನಕ್ಷತ್ರಗಳ ಮೇಲಿರುತ್ತಿತ್ತು. ಅವನು ತನ್ನ ಕೈಯಿಂದಲೇ ದೂರದರ್ಶಕವನ್ನು ತಯಾರಿಸಿ, ಸೃಷ್ಟಿಯ ಸೊಬಗನ್ನು ಕಾಣಬಯಸುವವರು ಬಂದು ನೋಡಬಹುದೆಂದು ಅಂಗಡಿಯ ಕಿಟಕಿಯಲ್ಲಿ ಪ್ರಕಟಣೆಯನ್ನು ತೂಗುಹಾಕಿದ್ದನಂತೆ. ಇಂತಹ ಅಂಗಡಿಯಲ್ಲಿ ವ್ಯಾಪಾರ ಹೆಚ್ಚಲಿಲ್ಲವೆಂಬುದು ಆಶ್ಚರ್ಯವಲ್ಲ. ಆದರೆ ಮಗನಿಗೆ ಮೊದಲ ಗಣಿತವನ್ನು ಕಲಿಸಿದವನು ಈ ತಂದೆಯೇ.

ಊರಿನ ಸಾಮಾನ್ಯ ಶಾಲೆಯಲ್ಲಿ ಕಲಿಯುವಷ್ಟನ್ನು ಹುಡುಗನು ಬೇಗನೆ ಕಲಿತು ಮುಗಿಸಿದನು. ಅಂದಿನ ಇಂಗ್ಲೆಂಡಿನಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಬಲ್ಲವನೇ ವಿದ್ವಾಂಸನೆನಿಸುತ್ತಿದ್ದನು. ಚಮ್ಮಾರನ ಮಗನಿಗೆ ಅವನ್ನು ಕಲಿಸುವ ಶಾಲೆಯ ಬಾಗಿಲು ತೆರೆದಿರಲಿಲ್ಲ. ಊರಿನ ಒಬ್ಬ ಪುಸ್ತಕ ವ್ಯಾಪಾರಿ ಲ್ಯಾಟಿನ್ ಭಾಷೆಯ ಮೊದಲ ಪಾಠಗಳನ್ನು ಹೇಳಿಕೊಟ್ಟನು. ಗ್ರೀಕ್ ಭಾಷೆಯನ್ನು ಹುಡುಗನು ತಾನಾಗಿಯೇ ಕಲಿತನು. 14ನೆಯ ವಯಸ್ಸಿನಲ್ಲಿ ಅವನು ಅನುವಾದಿಸಿದ ಒಂದು ಗ್ರೀಕ್ ಕವಿತೆ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಓದಿದ ಒಬ್ಬ ಉಪಾಧ್ಯಾಯನು ಇಷ್ಟು ಚಿಕ್ಕ ವಯಸ್ಸಿನವನು ಇದನ್ನು ಬರೆದಿರಲಾರನೆಂದು ಬಹಿರಂಗವಾಗಿ ಸಂಶಯಪಟ್ಟನು. ಮುಂದೆ ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳನ್ನೂ ಬೂಲ್ ಗುರುವಿಲ್ಲದೆಯೇ ಸಾಧಿಸಿಕೊಂಡನು.

ಅವನಿಗೆ 16 ವರ್ಷ ತುಂಬುವ ಹೊತ್ತಿಗೆ ತಂದೆಯ ವ್ಯಾಪಾರ ಕುಸಿದುಬಿದ್ದಿತು. ತಂದೆ ತಾಯಿಯರನ್ನೂ ಮೂವರು ಒಡಹುಟ್ಟಿದವರನ್ನೂ ಸಾಕುವ ಹೊಣೆ ಹಿರಿಯ ಮಗನ ಹೆಗಲಿಗೇರಿತು. ಬೂಲ್ ಡಾಂಕಾಸ್ಟರ್ ಎಂಬ ಊರಿನ ಶಾಲೆಯೊಂದರಲ್ಲಿ ಸಹಾಯಕ ಉಪಾಧ್ಯಾಯನಾಗಿ ಸೇರಿದನು. ಸಂಬಳ ಅಲ್ಪ, ಅದರಲ್ಲಿ ಹೆಚ್ಚಿನ ಭಾಗ ಮನೆಗೆ ಹೋಗುತ್ತಿತ್ತು. ಉಳಿದ ಪುಡಿಕಾಸಿನಲ್ಲಿ ಅವನು ಪುಸ್ತಕ ಕೊಳ್ಳಬೇಕಾಗಿತ್ತು. ಸಾಹಿತ್ಯದ ಪುಸ್ತಕ ಕೆಲವು ದಿನಗಳಲ್ಲಿ ಓದಿ ಮುಗಿಯುತ್ತದೆ. ಗಣಿತದ ಪುಸ್ತಕವೊಂದು ತಿಂಗಳುಗಟ್ಟಲೆ ನಡೆಯುತ್ತದೆ. ಆದುದರಿಂದ ಕೊಟ್ಟ ಹಣಕ್ಕೆ ಗಣಿತದ ಪುಸ್ತಕವೇ ಲಾಭವೆಂದು ಅವನು ಎಣಿಸಿದನು. ಬಡತನವು ಹೀಗೆ ಅವನನ್ನು ಗಣಿತದ ಬಳಿಗೆ ಕೈಹಿಡಿದು ಕರೆತಂದಿತು.

ಅವನ ಕೈಗೆ ಬಂದುದು ಫ್ರೆಂಚ್ ಗಣಿತಜ್ಞ ಲಾಕ್ರ್ವಾ ಬರೆದ ಕಲನಶಾಸ್ತ್ರದ ಗ್ರಂಥ. ಭಾಷೆ ಪರದೇಶದ್ದು; ವಿಷಯ ಕಠಿಣ; ಸಂಶಯ ಬಂದಾಗ ಕೇಳಲು ಗುರುವಿಲ್ಲ. ತಿಳಿಯದ ಪುಟವನ್ನು ತಿಳಿಯುವವರೆಗೆ ಮತ್ತೆ ಮತ್ತೆ ಓದುವುದೊಂದೇ ಅವನಿಗಿದ್ದ ದಾರಿ. ಯೋಗ್ಯ ಗುರುವೊಬ್ಬನಿದ್ದಿದ್ದರೆ ಬೇಗನೆ ದಾಟಬಹುದಾಗಿದ್ದ ಹಾದಿಯಲ್ಲಿ ಅವನ ಹಲವು ವರ್ಷಗಳು ಕಳೆದುಹೋದವು. ಅದನ್ನು ಅವನೇ ಮುಂದೆ ನೆನೆದು ಮರುಗಿದನು. ಆದರೆ ಬೇರೆಯವರ ಊರುಗೋಲಿಲ್ಲದೆ ಬರಹದ ಒಳಹೊಕ್ಕು ಅರ್ಥವನ್ನು ಹೊರತೆಗೆಯುವ ಶಕ್ತಿ ಅವನಿಗೆ ಬಂದುದು ಈ ಕಷ್ಟದಿಂದಲೇ.

ಡಾಂಕಾಸ್ಟರಿನಲ್ಲಿದ್ದಾಗ, 17ನೆಯ ವಯಸ್ಸಿನಲ್ಲಿ, ಒಂದು ದಿನ ಹೊಲವೊಂದನ್ನು ದಾಟಿ ನಡೆಯುತ್ತಿರುವಾಗ ಅವನಿಗೆ ಒಂದು ವಿಚಾರ ಮಿಂಚಿತೆಂದು ಅವನ ಪತ್ನಿ ಬರೆದಿದ್ದಾಳೆ. ಸಂಖ್ಯೆಗಳಿಗೆ ನಿಯಮಗಳಿರುವಂತೆ ಮನುಷ್ಯನ ಆಲೋಚನೆಗೂ ನಿಯಮಗಳಿರಬೇಕು. ಅವನ್ನು ಬೀಜಗಣಿತದ ಚಿಹ್ನೆಗಳಲ್ಲಿ ಬರೆಯಲು ಸಾಧ್ಯವಾಗಬೇಕು. ಆ ಮಿಂಚು ಗ್ರಂಥವಾಗಿ ಬೆಳಗಲು ಇನ್ನೂ ಹಲವು ವರ್ಷಗಳು ಬೇಕಾಗಿದ್ದವು.

19ನೆಯ ವಯಸ್ಸಿಗೆ ಬೂಲ್ ಲಿಂಕನ್ನಿಗೆ ಹಿಂದಿರುಗಿ ತನ್ನದೇ ಶಾಲೆಯೊಂದನ್ನು ತೆರೆದನು. ಹಗಲೆಲ್ಲ ಮಕ್ಕಳಿಗೆ ಪಾಠ, ರಾತ್ರಿ ತನ್ನ ಅಧ್ಯಯನ. ಊರಿನಲ್ಲಿ ಕುಶಲಕರ್ಮಿಗಳಿಗಾಗಿ ಸ್ಥಾಪಿತವಾದ ಸಂಸ್ಥೆಯ ವಾಚನಾಲಯ ಅವನಿಗೆ ಆಶ್ರಯವಾಯಿತು. ನೆರೆಯ ಶ್ರೀಮಂತ ವಿದ್ವಾಂಸ ಎಡ್ವರ್ಡ್ ಬ್ರಾಂಹೆಡ್ ತನ್ನ ಪುಸ್ತಕಗಳನ್ನು ಎರವಲು ಕೊಟ್ಟನು. ನ್ಯೂಟನ್, ಲಾಪ್ಲಾಸ್, ಲಗ್ರಾಂಜ್ ಮೊದಲಾದ ಮಹಾಗಣಿತಜ್ಞರ ಕೃತಿಗಳನ್ನು ಬೂಲ್ ಓದಿದನು. ಅನಂತರ ತನ್ನ ಶೋಧಗಳನ್ನು ಕೇಂಬ್ರಿಡ್ಜಿನ ಗಣಿತ ಪತ್ರಿಕೆಗೆ ಕಳುಹಿಸತೊಡಗಿದನು. ಅದರ ಸಂಪಾದಕ ಡಂಕನ್ ಗ್ರೆಗರಿ ಅವನ ಪ್ರತಿಭೆಯನ್ನು ಗುರುತಿಸಿ ಲೇಖನಗಳನ್ನು ತಿದ್ದಿಸಿ ಪ್ರಕಟಿಸಿದನು. ಕೇಂಬ್ರಿಡ್ಜನ್ನು ಸೇರಿ ಪದವಿ ಪಡೆಯುವ ಆಸೆ ಬೂಲನಿಗೂ ಇತ್ತು. ಆದರೆ ಅವನು ಶಾಲೆಯನ್ನು ಮುಚ್ಚಿದರೆ ಮನೆಯ ಒಲೆ ಆರುತ್ತಿತ್ತು. ಪದವಿಯ ಆಸೆಯನ್ನು ಅವನು ಬಿಟ್ಟನು, ಗಣಿತವನ್ನು ಬಿಡಲಿಲ್ಲ. 1844ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನ ಪ್ರಬಂಧವೊಂದಕ್ಕೆ ಚಿನ್ನದ ಪದಕವನ್ನಿತ್ತು ಗೌರವಿಸಿತು. ಯಾವ ಕಾಲೇಜಿನ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತದವನಿಗೆ ಸಂದ ಗೌರವ ಅದು.

1847ರಲ್ಲಿ ಬೂಲ್ ತರ್ಕವನ್ನು ಗಣಿತದ ರೀತಿಯಲ್ಲಿ ವಿವರಿಸುವ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ತರ್ಕಶಾಸ್ತ್ರ ಅಲ್ಲಿಯವರೆಗೆ ಮಾತಿನ ಶಾಸ್ತ್ರವಾಗಿತ್ತು. ಯೂರೋಪಿನಲ್ಲಿ ಅರಿಸ್ಟಾಟಲನ ಕಾಲದಿಂದ ಎರಡು ಸಾವಿರ ವರ್ಷಗಳಿಗೂ ಮೀರಿ ಅದು ವಾಕ್ಯಗಳ ರೂಪದಲ್ಲಿಯೇ ಬೆಳೆದುಬಂದಿತ್ತು. ಭಾರತದಲ್ಲಿಯೂ ತರ್ಕಕ್ಕೆ ದೊಡ್ಡ ಪರಂಪರೆಯಿದೆ; ಮಧ್ವಮತದ ವ್ಯಾಸತೀರ್ಥರು ತರ್ಕತಾಂಡವ ಎಂಬ ಗ್ರಂಥವನ್ನೇ ರಚಿಸಿದ್ದಾರೆ. ಅಲ್ಲಿಯೂ ತರ್ಕದ ವಾಹನ ಮಾತೇ ಆಗಿತ್ತು. ಬೂಲ್ ಮಾತಿನ ಬದಲಿಗೆ ಅಕ್ಷರಗಳನ್ನೂ ಚಿಹ್ನೆಗಳನ್ನೂ ಇಟ್ಟನು.

ಅವನ ವಿಚಾರ ಕಠಿಣವಾದುದಲ್ಲ. ಸಂತೆಯ ಬುಟ್ಟಿಯೊಂದರಲ್ಲಿ ಬಗೆಬಗೆಯ ತರಕಾರಿಗಳಿವೆ ಎಂದಿಟ್ಟುಕೊಳ್ಳಬಹುದು. ಬುಟ್ಟಿಯಲ್ಲಿರುವುದೆಲ್ಲವೂ ಸೇರಿ 1. ಏನೂ ಇಲ್ಲದಿರುವುದು 0. ಹಸಿರಾದವುಗಳನ್ನು ಆರಿಸುವುದಕ್ಕೆ ಕ ಎಂಬ ಅಕ್ಷರವಿರಲಿ. ದುಂಡಾದವುಗಳನ್ನು ಆರಿಸುವುದಕ್ಕೆ ಖ ಇರಲಿ. ಮೊದಲು ಹಸಿರಾದವುಗಳನ್ನು ಆರಿಸಿ, ಅವುಗಳಲ್ಲಿ ಮತ್ತೆ ದುಂಡಾದವುಗಳನ್ನು ಆರಿಸಿದರೆ ಹಸಿರೂ ದುಂಡೂ ಆದವು ಉಳಿಯುತ್ತವೆ. ಇದನ್ನು ಬೂಲ್ ಗುಣಾಕಾರವೆಂದು ಕರೆದನು. ಮೊದಲು ದುಂಡಾದವನ್ನೇ ಆರಿಸಿ ಅನಂತರ ಹಸಿರನ್ನು ಆರಿಸಿದರೂ ಫಲ ಒಂದೇ. ಸಂಖ್ಯೆಗಳ ಗುಣಾಕಾರದಲ್ಲಿಯೂ ಹಾಗೆಯೇ ಅಲ್ಲವೇ? ಇಲ್ಲಿಯವರೆಗೆ ಎರಡು ಗಣಿತಗಳೂ ಜೊತೆಯಾಗಿ ನಡೆಯುತ್ತವೆ.

ಆದರೆ ಹಸಿರಾದವುಗಳನ್ನು ಆರಿಸಿದ ಮೇಲೆ, ಅವುಗಳಲ್ಲಿ ಮತ್ತೊಮ್ಮೆ ಹಸಿರಾದವುಗಳನ್ನೇ ಆರಿಸಿದರೆ ಏನಾಗುತ್ತದೆ? ಏನೂ ಬದಲಾಗುವುದಿಲ್ಲ. ಎಂದರೆ ಕ ಗುಣಿಸು ಕ ಎಂಬುದು ಕ ಎಂಬುದಕ್ಕೇ ಸಮ. ಸಾಮಾನ್ಯ ಗಣಿತದಲ್ಲಿ ಹೀಗಾಗುವುದಿಲ್ಲ. 2ನ್ನು 2ರಿಂದ ಗುಣಿಸಿದರೆ 4, 3ನ್ನು 3ರಿಂದ ಗುಣಿಸಿದರೆ 9. ತನ್ನಿಂದ ತಾನೇ ಗುಣಿಸಲ್ಪಟ್ಟರೂ ಬದಲಾಗದೆ ಉಳಿಯುವ ಸಂಖ್ಯೆಗಳು ಎರಡೇ ಎರಡು. ಒಂದು 0, ಇನ್ನೊಂದು 1. ಇದೇ ಬೂಲನ ಗಣಿತದ ಹೃದಯ. ತರ್ಕದ ಬೀಜಗಣಿತವೆಂದರೆ 0 ಮತ್ತು 1 ಮಾತ್ರ ವಾಸಿಸುವ ಬೀಜಗಣಿತವೆಂದು ಅವನು ಕಂಡುಕೊಂಡನು. ಒಂದು ವಸ್ತು ಏಕಕಾಲದಲ್ಲಿ ಹಸಿರೂ ಹಸಿರಲ್ಲದ್ದೂ ಆಗಿರಲಾರದು ಎಂಬ ಹಳೆಯ ತತ್ವವನ್ನು ಈ ಒಂದೇ ಸಮೀಕರಣದಿಂದ ಅವನು ಸಾಧಿಸಿ ತೋರಿಸಿದನು. ಅವನ ಕೂಡಿಸುವ ಕ್ರಮದಲ್ಲಿದ್ದ ಕೆಲವು ತೊಡಕುಗಳನ್ನು ಜೆವನ್ಸ್ ಮೊದಲಾದವರು ಮುಂದೆ ಬಿಡಿಸಿದರು. ಹೀಗೆ ಮತ್ತು, ಅಥವಾ, ಅಲ್ಲ ಎಂಬ ದಿನಬಳಕೆಯ ಮೂರು ಪದಗಳು ಗಣಿತದ ಮೂರು ಕ್ರಿಯೆಗಳಾದವು.

1849ರಲ್ಲಿ ಬೂಲನ ಬಾಳು ಹೊಸ ತಿರುವನ್ನು ಪಡೆಯಿತು. ಅಯರ್ಲೆಂಡಿನ ಕಾರ್ಕ್ ನಗರದಲ್ಲಿ ಹೊಸದಾಗಿ ಸ್ಥಾಪಿತವಾದ ಕ್ವೀನ್ಸ್ ಕಾಲೇಜಿಗೆ ಅವನು ಮೊದಲ ಗಣಿತ ಪ್ರಾಧ್ಯಾಪಕನಾಗಿ ನೇಮಕಗೊಂಡನು. ಪದವಿಯಿಲ್ಲದವನನ್ನು ಪ್ರಾಧ್ಯಾಪಕನನ್ನಾಗಿ ಮಾಡುವಂತೆ ಹೆಸರಾಂತ ವಿದ್ವಾಂಸರೇ ಶಿಫಾರಸು ಮಾಡಿದ್ದರು. ಮಗನ ಈ ಏಳಿಗೆಯನ್ನು ಕಾಣಲು ತಂದೆ ಬದುಕಿರಲಿಲ್ಲ. ಹಿಂದಿನ ವರ್ಷದ ಕೊನೆಯಲ್ಲಿ ಅವನು ತೀರಿಕೊಂಡಿದ್ದನು. ಆಲೂಗಡ್ಡೆಯ ಬೆಳೆ ಕೊಳೆತು ಉಂಟಾದ ಭೀಕರ ಕ್ಷಾಮದಿಂದ ಅಯರ್ಲೆಂಡ್ ಆಗ ನರಳುತ್ತಿತ್ತು. ಆ ನಾಡಿನಲ್ಲಿ ನೆಲೆಸಿ ಬೂಲ್ ತನ್ನ ಕೊನೆಯ 15 ವರ್ಷಗಳನ್ನು ಪಾಠ ಹೇಳುವುದರಲ್ಲಿ ಕಳೆದನು. ಅಲ್ಲಿಯೇ 1854ರಲ್ಲಿ ಅವನ ಮಹಾಗ್ರಂಥ ಪ್ರಕಟವಾಯಿತು. ಆಲೋಚನೆಯ ನಿಯಮಗಳ ಶೋಧನೆ ಎಂಬುದು ಅದರ ಹೆಸರಿನ ತಾತ್ಪರ್ಯ.

1855ರಲ್ಲಿ ಬೂಲ್ ಮೇರಿ ಎವರೆಸ್ಟ್ ಎಂಬಾಕೆಯನ್ನು ವಿವಾಹವಾದನು. ಹಿಮಾಲಯದ ಅತ್ಯುನ್ನತ ಶಿಖರಕ್ಕೆ ಯಾವನ ಹೆಸರನ್ನಿಟ್ಟರೋ ಆ ಜಾರ್ಜ್ ಎವರೆಸ್ಟ್ ಇವಳ ದೊಡ್ಡಪ್ಪನೆನ್ನುವ ಸಂಬಂಧದವನು. ಬೆಂಗಳೂರಿನಲ್ಲಿ 1800ರಲ್ಲಿ ಆಧಾರರೇಖೆಯನ್ನಳೆದು, ಮದರಾಸಿನಿಂದ ಮಂಗಳೂರಿನ ಕಡಲ ತೀರದವರೆಗೆ ಪರ್ಯಾಯದ್ವೀಪವನ್ನು ತ್ರಿಕೋನಗಳಿಂದ ಅಳೆದ ಲ್ಯಾಂಬ್ಟನ್ನನ ಸಹಾಯಕನಾಗಿ ಸೇರಿ, ಅನಂತರ ಆ ಮಹಾ ಮೋಜಣಿಯನ್ನು ಮುನ್ನಡೆಸಿದವನು ಈ ಎವರೆಸ್ಟ್. ಮೇರಿ ಬೂಲನ ಬಳಿ ಗಣಿತ ಕಲಿತವಳು. ಅವನ ಬರಹಗಳಿಗೆ ಮೊದಲ ಓದುಗಳು. ಅವರಿಗೆ ಐವರು ಹೆಣ್ಣುಮಕ್ಕಳು ಜನಿಸಿದರು.

1864ನೆಯ ಇಸವಿ ನವೆಂಬರ್ 24ರಂದು ಕಾರ್ಕಿನಲ್ಲಿ ಮಳೆ ಸುರಿಯುತ್ತಿತ್ತು. ಬೂಲನ ಮನೆಯಿಂದ ಕಾಲೇಜಿಗೆ ಸುಮಾರು 3 ಮೈಲಿ ದೂರ. ಮಳೆಯೆಂದು ಪಾಠವನ್ನು ತಪ್ಪಿಸುವುದು ಅವನ ಸ್ವಭಾವವಲ್ಲ. ಅವನು ಆ ಮಳೆಯಲ್ಲಿಯೇ ನಡೆದು ಕಾಲೇಜನ್ನು ತಲುಪಿದನು. ತೊಯ್ದ ಉಡುಪಿನಲ್ಲಿಯೇ ನಿಂತು ಪಾಠ ಹೇಳಿದನು. ಚಳಿ ಮೈಯನ್ನು ಹೊಕ್ಕಿತು. ಜ್ವರ ಶ್ವಾಸಕೋಶಕ್ಕೆ ಇಳಿಯಿತು. ಡಿಸೆಂಬರ್ 8ರಂದು, ತನ್ನ 49ನೆಯ ವಯಸ್ಸಿನಲ್ಲಿ, ಜಾರ್ಜ್ ಬೂಲ್ ಕಣ್ಣುಮುಚ್ಚಿದನು. ಆಗ ಅವನ ಕಿರಿಯ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮೇರಿ ಲಂಡನ್ನಿಗೆ ಹೋಗಿ ಕಾಲೇಜೊಂದರ ಗ್ರಂಥಪಾಲಕಿಯಾಗಿ ದುಡಿದು ಮಕ್ಕಳನ್ನು ಬೆಳೆಸಿದಳು. ಮಕ್ಕಳಿಗೆ ಗಣಿತವನ್ನು ಹೇಗೆ ಕಲಿಸಬೇಕೆಂಬುದನ್ನು ಕುರಿತು ಪುಸ್ತಕಗಳನ್ನೂ ಬರೆದಳು. ಮಗಳು ಅಲೀಷಿಯಾ ತಂದೆಯಂತೆಯೇ ಕಾಲೇಜು ಕಾಣದೆ ಗಣಿತದಲ್ಲಿ ಹೆಸರು ಗಳಿಸಿದಳು. ಲೂಸಿ ರಸಾಯನವಿಜ್ಞಾನಿಯಾದಳು. ಕಿರಿಯಳಾದ ಎಥೆಲ್ ಕಾದಂಬರಿಕಾರ್ತಿಯಾಗಿ ಪ್ರಸಿದ್ಧಳಾದಳು.

ಬೂಲ್ ತೀರಿಕೊಂಡಾಗ ಅವನ ತರ್ಕಗಣಿತದಿಂದ ಒಂದು ಸೂಜಿಯನ್ನೂ ತಯಾರಿಸಲು ಬರುವುದಿಲ್ಲವೆಂದು ಯಾರಾದರೂ ಹೇಳಿದ್ದರೆ ಅದನ್ನು ಅಲ್ಲಗಳೆಯುವುದು ಸಾಧ್ಯವಿರಲಿಲ್ಲ. ಹಲವು ದಶಕಗಳ ಕಾಲ ಅದು ಕೆಲವೇ ವಿದ್ವಾಂಸರ ಸೊತ್ತಾಗಿ ಉಳಿಯಿತು. ಅಮೆರಿಕದ ಕ್ಲಾಡ್ ಶಾನನ್ ಎಂಬ ತರುಣನು ಕಾಲೇಜಿನಲ್ಲಿ ಬೂಲನ ತರ್ಕವನ್ನು ಓದಿದ್ದನು. ವಿದ್ಯುತ್ ಸ್ವಿಚ್ಚುಗಳ ಜಾಲವೊಂದನ್ನು ಪರಿಶೀಲಿಸುತ್ತಿದ್ದಾಗ ಅವನಿಗೆ ಆ ಪಾಠ ನೆನಪಾಯಿತು. ಸ್ವಿಚ್ಚು ಕೂಡಿದ್ದರೆ 1, ಬಿಟ್ಟಿದ್ದರೆ 0. ಎರಡು ಸ್ವಿಚ್ಚುಗಳು ಒಂದರ ಹಿಂದೊಂದಿದ್ದರೆ, ಇದು ಮತ್ತು ಅದು ಎರಡೂ ಕೂಡಿದಾಗ ಮಾತ್ರ ವಿದ್ಯುತ್ತು ಹರಿಯುತ್ತದೆ. ಅಕ್ಕಪಕ್ಕದಲ್ಲಿದ್ದರೆ ಇದು ಅಥವಾ ಅದು ಕೂಡಿದರೂ ಸಾಕು. 1937ರಲ್ಲಿ, 21ನೆಯ ವಯಸ್ಸಿನಲ್ಲಿ, ಶಾನನ್ ಇದನ್ನು ತನ್ನ ಪ್ರಬಂಧದಲ್ಲಿ ವಿವರಿಸಿದನು. ಜಪಾನಿನಲ್ಲಿಯೂ ರಷ್ಯದಲ್ಲಿಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಇತರರು ಇದೇ ಮಾರ್ಗವನ್ನು ಕಂಡರು. ಅನಂತರ ಸ್ವಿಚ್ಚು ಟ್ರಾನ್ಸಿಸ್ಟರಾಯಿತು. ಸಾವಿರಾರು ಟ್ರಾನ್ಸಿಸ್ಟರುಗಳು ಸೇರಿ ಚಿಪ್ ಆಯಿತು.

1980ರಲ್ಲಿ ಇಂಟೆಲ್ ಸಂಸ್ಥೆ 8051 ಎಂಬ ಮೈಕ್ರೋಕಂಟ್ರೋಲರನ್ನು ಹೊರತಂದಿತು. ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರು ಮೊದಲು ಕಲಿತ ಚಿಪ್ ಇದು. ಅದರ ವಿವರಪತ್ರದಲ್ಲಿ ಟಿಮಾಡ್ ಎಂಬ ರಿಜಿಸ್ಟರಿನ ಚಿತ್ರವಿದೆ. 8 ಮನೆಗಳಲ್ಲಿ ಎಡಗಡೆಯ 4 ಮನೆಗಳು ಒಂದನೆಯ ಕಾಲಗಣಕಕ್ಕೆ. ಬಲಗಡೆಯ 4 ಸೊನ್ನೆಯ ಕಾಲಗಣಕಕ್ಕೆ. ಪ್ರತಿ ನಾಲ್ಕರಲ್ಲಿ ಮೊದಲನೆಯ ಮನೆ, ಹೊರಗಿನ ಸಂಕೇತವೂ ಗಣಕವನ್ನು ತಡೆದು ಬಿಡಬೇಕೇ ಎಂದು ಕೇಳುತ್ತದೆ. ಎರಡನೆಯದು, ಹೊರಗಿನಿಂದ ಬರುವ ಮಿಡಿತಗಳನ್ನು ಎಣಿಸಬೇಕೇ ಎಂದು ಕೇಳುತ್ತದೆ. ಕೊನೆಯ ಎರಡು ಮನೆಗಳು ಸೇರಿ, ಎಣಿಸುವ ನಾಲ್ಕು ವಿಧಗಳಲ್ಲಿ ಒಂದನ್ನು ನಿಶ್ಚಯಿಸುತ್ತವೆ.

ಈಗ ಒಬ್ಬ ಇಂಜಿನಿಯರು ಬಲಗಡೆಯ ನಾಲ್ಕು ಮನೆಗಳಲ್ಲಿ 0001 ಎಂದು ಬರೆಯಬೇಕಾಗಿದೆ. ಎಡಗಡೆ ಮೊದಲೇ ಬರೆದಿರುವುದು ಕೆಡಬಾರದು. ಈ ರಿಜಿಸ್ಟರಿನಲ್ಲಿ ಒಂದೇ ಮನೆಯನ್ನು ಪ್ರತ್ಯೇಕವಾಗಿ ಮುಟ್ಟಲು ಬರುವುದಿಲ್ಲ. ಎಂಟನ್ನೂ ಒಟ್ಟಿಗೆ ಬರೆಯಬೇಕು. ಅವಸರದಲ್ಲಿ 00000001 ಎಂದು ಬರೆದುಬಿಟ್ಟರೆ ಎಡಗಡೆಯದೆಲ್ಲ ಅಳಿಸಿಹೋಗುತ್ತದೆ. ಚಿಪ್ ದೂರುವುದಿಲ್ಲ, ಮೌನವಾಗಿ ತಪ್ಪಾಗಿ ನಡೆಯುತ್ತದೆ. ಇಲ್ಲಿ ಕೈಹಿಡಿಯುವುದು ಬೂಲನ ನಿಯಮ. ಯಾವುದನ್ನೇ ಆಗಲಿ 1ರೊಡನೆ ಮತ್ತು ಕ್ರಿಯೆಯಿಂದ ಸೇರಿಸಿದರೆ ಅದು ಇದ್ದಂತೆಯೇ ಉಳಿಯುತ್ತದೆ. 0ಯೊಡನೆ ಸೇರಿಸಿದರೆ 0 ಆಗುತ್ತದೆ. 0ಯೊಡನೆ ಅಥವಾ ಕ್ರಿಯೆಯಿಂದ ಸೇರಿಸಿದರೆ ಇದ್ದಂತೆಯೇ ಉಳಿಯುತ್ತದೆ. 1ರೊಡನೆ ಸೇರಿಸಿದರೆ 1 ಆಗುತ್ತದೆ. ಆದುದರಿಂದ ಮೊದಲು 11110000 ಎಂಬುದರೊಡನೆ ಮತ್ತು ಕ್ರಿಯೆ. ಬಲಗಡೆ ಸ್ವಚ್ಛವಾಯಿತು, ಎಡಗಡೆ ಉಳಿಯಿತು. ಅನಂತರ 00000001 ಎಂಬುದರೊಡನೆ ಅಥವಾ ಕ್ರಿಯೆ. ಬೇಕಾದ ಮನೆಗೆ 1 ಬಂದಿತು, ಉಳಿದವು ಅಲುಗಲಿಲ್ಲ. ನೆರೆಹೊರೆಗೆ ತೊಂದರೆ ಕೊಡದೆ ಒಂದೇ ಮನೆಯನ್ನು ತಿದ್ದುವ ಈ ವಿದ್ಯೆ ಬೂಲನ ಬೀಜಗಣಿತದಿಂದಲೇ ಬಂದುದು.

ಸಂತೆಕಟ್ಟೆಗೆ ಸಮೀಪದ ಮಣಿಪಾಲದಲ್ಲಿ 1957ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜಿದೆ. ಇಂತಹ ಕಾಲೇಜುಗಳಲ್ಲಿ ಓದುವ ಯುವಕ ಯುವತಿಯರು ಚಿಪ್‌ನ ವಿವರಪತ್ರವನ್ನು ಮೊದಲ ಬಾರಿ ತೆರೆದಾಗ ಅದರ ನೂರಾರು ಪುಟಗಳನ್ನು ಕಂಡು ಹಿಂಜರಿಯುವುದು ಸಹಜ. ಗುರುವಿಲ್ಲದೆ ಲಾಕ್ರ್ವಾನ ಗ್ರಂಥದ ಮುಂದೆ ಕುಳಿತ ಬಡ ಉಪಾಧ್ಯಾಯನೂ ಹೀಗೆಯೇ ಹಿಂಜರಿದಿರಬೇಕು. ಆದರೆ ಅವನು ಪುಸ್ತಕವನ್ನು ಮುಚ್ಚಲಿಲ್ಲ. ಒಂದು ಸಾಲು ತಿಳಿದ ಮೇಲೆ ಇನ್ನೊಂದು ಸಾಲಿಗೆ ಹೋದನು. ವಿವರಪತ್ರವನ್ನು ಓದುವ ಕ್ರಮವೂ ಅದೇ: ಒಂದು ಮನೆ, ಒಂದು ಪ್ರಶ್ನೆ, ಒಂದು ಉತ್ತರ.

ತನ್ನ ಶ್ರಮದ ಫಲವನ್ನು ಬೂಲ್ ಕಾಣಲಿಲ್ಲ. ಫಲ ಯಾವಾಗ ಬರುವುದೆಂದು ಕೇಳುತ್ತಲೂ ಅವನು ಕೂಡಲಿಲ್ಲ. ಸತ್ಯವಾದುದನ್ನು ಸ್ಪಷ್ಟವಾಗಿ ಬರೆದಿಟ್ಟು, ಮಳೆಯಲ್ಲಿ ನಡೆದು ಹೋಗಿ ತನ್ನ ಪಾಠವನ್ನು ಮುಗಿಸಿದನು. ಸಂತೆಯ ತಕ್ಕಡಿಯಲ್ಲಿ ಅಂಕಿಗಳು ಬೆಳಗುವಾಗಲೆಲ್ಲ, ಚಮ್ಮಾರನ ಮಗನೊಬ್ಬನು ಪುಡಿಕಾಸಿನಿಂದ ಕೊಂಡು ಓದಿದ ಪುಸ್ತಕದ ಬೆಳಕು ಅಲ್ಲಿಯೂ ಬೀಳುತ್ತದೆ.